ಬೆಳ್ಳಿಯಿಂದ ಚಿನ್ನಕ್ಕೆ ನಾಲ್ಕು ವರ್ಷ

2024ರ ಆಗಸ್ಟ್ 5ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ಸಿಂಗಲ್ಸ್ ಬ್ಯಾಡ್ಮಿಂಟನ್ ಫೈನಲ್ ನಡೆಯಿತು. ದಕ್ಷಿಣ ಕೊರಿಯಾದ ಆನ್ ಸೆ ಯಂಗ್ ಚೀನಾದ ಹಿ ಬಿಂಗ್‌ಜಿಯಾವೊ ಅವರನ್ನು 21–13, 21–16ರಿಂದ ಸೋಲಿಸಿ ಚಿನ್ನ ಗೆದ್ದರು. ನಮ್ಮ ಪಿ.ವಿ. ಸಿಂಧು ಅವರನ್ನು ಅದೇ ಕೂಟದಲ್ಲಿ ಮನೆಗೆ ಕಳಿಸಿದ್ದ ಆಟಗಾರ್ತಿಯೇ ಈ ಬಿಂಗ್‌ಜಿಯಾವೊ. ಹಾಗಾಗಿ ಫೈನಲ್ ಸುದ್ದಿಯನ್ನು ನಾನು ಕುತೂಹಲದಿಂದಲೇ ಓದಿದೆ. ಓದಿದ ಕಡೆಯಲ್ಲೆಲ್ಲ ಒಂದು ಸಂಖ್ಯೆ ಎದುರಾಯಿತು: 28. ಕೊರಿಯಾದ ಮಹಿಳೆಯೊಬ್ಬರು ಒಲಿಂಪಿಕ್ಸ್ ಸಿಂಗಲ್ಸ್‌ನಲ್ಲಿ ಪದಕ ಗೆದ್ದು 28 ವರ್ಷವಾಗಿತ್ತು. ಆನ್ ಹುಟ್ಟಿದ್ದು 2002ರಲ್ಲಿ. ಅಂದರೆ ಹಿಂದಿನ ಚಿನ್ನ ಬಂದಾಗ ಅವರು ಹುಟ್ಟಿಯೇ ಇರಲಿಲ್ಲ.

ಆ ಹಿಂದಿನ ಚಿನ್ನ ಯಾರದ್ದು ಎಂದು ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಬಾಂಗ್ ಸೂ ಹ್ಯುನ್. ಕೊರಿಯಾದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಬಾಂಗ್ ಮನೆತನದ ಹೆಸರು, ಸೂ ಹ್ಯುನ್ ಇಟ್ಟ ಹೆಸರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು ಅವರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಚಿನ್ನಕ್ಕಿಂತ, ಅದಕ್ಕೆ ಮೊದಲಿನ ನಾಲ್ಕು ವರ್ಷಗಳ ಸ್ಕೋರು. ಅಂತಿಮ ಪಟ್ಟಿಯ ಬಾಗಿಲವರೆಗೆ ಹೋಗಿ ವಾಪಸ್ ಬಂದವರು ನಮ್ಮಲ್ಲಿ ಎಷ್ಟೊಂದು ಜನ ಇದ್ದೇವೆ. ಅಂಥವರೆಲ್ಲ ಒಮ್ಮೆ ಈ ಸ್ಕೋರುಗಳನ್ನು ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಹಾಸ್ಯನಟನ ಮಗಳು

ಸೂ ಹ್ಯುನ್ ಹುಟ್ಟಿದ್ದು 1972ರ ಸೆಪ್ಟೆಂಬರ್ 13ರಂದು. ತಂದೆ ಬಾಂಗ್ ಇಲ್ ಸೂ ಕೊರಿಯಾದ ಜನಪ್ರಿಯ ಹಾಸ್ಯನಟ. ಜನರನ್ನು ನಗಿಸುವ ತಂದೆಯ ಮಗಳು ಹಿಡಿದಿದ್ದು ಬ್ಯಾಟು.

ಆ ಕಾಲದ ಕೊರಿಯಾ ಬ್ಯಾಡ್ಮಿಂಟನ್‌ನಲ್ಲಿ ಸಣ್ಣ ದೇಶವೇನೂ ಆಗಿರಲಿಲ್ಲ. ಆದರೆ ಅದರ ಹೆಸರೆಲ್ಲ ಹೆಚ್ಚಾಗಿ ಡಬಲ್ಸ್‌ನಲ್ಲಿತ್ತು. ಪಾರ್ಕ್ ಜೂ ಬಾಂಗ್ ಎಂಬ ದಿಗ್ಗಜನ ಜೊತೆಗೆ ಆಡಿದವರೆಲ್ಲ ಪ್ರಶಸ್ತಿ ಗೆಲ್ಲುತ್ತಿದ್ದ ಕಾಲ ಅದು. ಹಾಗೆಂದು ಮಹಿಳಾ ಸಿಂಗಲ್ಸ್‌ಗೆ ಪರಂಪರೆ ಇರಲಿಲ್ಲ ಎನ್ನುವಂತಿಲ್ಲ. 1981ರಲ್ಲಿ ಹ್ವಾಂಗ್ ಸುನ್ ಐ ಆಲ್ ಇಂಗ್ಲೆಂಡ್ ಗೆದ್ದಿದ್ದರು. ಹಿಂದಿನ ವರ್ಷ ಪುರುಷರ ಸಿಂಗಲ್ಸ್ ಗೆದ್ದಿದ್ದ ನಮ್ಮ ಪ್ರಕಾಶ್ ಪಡುಕೋಣೆ ಆ ಸಲ ಫೈನಲ್‌ನಲ್ಲಿ ಸೋತು ಎರಡನೆಯವರಾದ ಕೂಟವೇ ಅದು. 1986ರಲ್ಲಿ ಕಿಮ್ ಯುನ್ ಜಾ ಮತ್ತೊಮ್ಮೆ ಆ ಪ್ರಶಸ್ತಿಯನ್ನು ಕೊರಿಯಾಕ್ಕೆ ತಂದರು.

1988ರಲ್ಲಿ ಒಲಿಂಪಿಕ್ಸ್ ಸೋಲ್‌ಗೆ ಬಂತು. ಬ್ಯಾಡ್ಮಿಂಟನ್ ಇನ್ನೂ ಪದಕದ ಆಟವಾಗಿರಲಿಲ್ಲ, ಪ್ರದರ್ಶನ ಪಂದ್ಯಗಳಷ್ಟೇ ನಡೆದವು. ಅದರ ಮಹಿಳಾ ಸಿಂಗಲ್ಸ್‌ನಲ್ಲಿ ಗೆದ್ದವರು ಕೊರಿಯಾದವರೇ ಆದ ಹ್ವಾಂಗ್ ಹೇ ಯಂಗ್. ಗೆದ್ದರೂ ಅದು ಪದಕಗಳ ಲೆಕ್ಕಕ್ಕೆ ಸೇರಲಿಲ್ಲ. ಆಗ ಸೂ ಹ್ಯುನ್‌ಗೆ 16 ವರ್ಷ. ನಾಲ್ಕು ವರ್ಷದ ಬಳಿಕ ಬ್ಯಾಡ್ಮಿಂಟನ್ ಮೊದಲ ಬಾರಿ ಪದಕದ ಆಟವಾಗಿ ಒಲಿಂಪಿಕ್ಸ್‌ಗೆ ಸೇರಿದಾಗ ಹ್ವಾಂಗ್ ಡಬಲ್ಸ್‌ನಲ್ಲಿ ಚುಂಗ್ ಸೋ ಯಂಗ್ ಜೊತೆಗೂಡಿ ನಿಜವಾದ ಚಿನ್ನ ಗೆದ್ದರು. ಸಿಂಗಲ್ಸ್‌ನಲ್ಲಿ ಕೊರಿಯಾದ ಭರವಸೆ 19 ವರ್ಷದ ಸೂ ಹ್ಯುನ್ ಮೇಲಿತ್ತು.

ಆಗಿನ ಕೊರಿಯಾದ ರಾಷ್ಟ್ರೀಯ ತಂಡದ ಬದುಕು ಎಂದರೆ ಸೋಲ್‌ನ ಟೇರುಂಗ್ ಕ್ರೀಡಾಗ್ರಾಮ. 1966ರಲ್ಲಿ ಆರಂಭವಾದ ಈ ತರಬೇತಿ ಕೇಂದ್ರದಲ್ಲಿ ಬೇರೆ ಬೇರೆ ಆಟಗಳ ರಾಷ್ಟ್ರೀಯ ಆಟಗಾರರು ಒಟ್ಟಿಗೇ ಇದ್ದು, ಒಟ್ಟಿಗೇ ಉಂಡು, ಅಭ್ಯಾಸ ಮಾಡುತ್ತಿದ್ದರು. ಪಕ್ಕದ ಬುಲಾಮ್ ಬೆಟ್ಟವನ್ನು ಓಡುತ್ತಾ ಹತ್ತುವುದು ಅಲ್ಲಿನ ಹೆಸರಾಂತ ಶಿಕ್ಷೆ, ಅಲ್ಲಲ್ಲ, ಅಭ್ಯಾಸ. ಕುಸ್ತಿಯವರಾಗಲಿ, ಜೂಡೊದವರಾಗಲಿ, ಶಟಲ್‌ನವರಾಗಲಿ, ಬೆಟ್ಟ ಎಲ್ಲರಿಗೂ ಒಂದೇ. ಕಾಲಿನ ಶಕ್ತಿ ಮೊದಲು, ಕೈಚಳಕ ಆಮೇಲೆ ಎನ್ನುವುದು ಆ ತರಬೇತಿಯ ತಿರುಳು.

ಬಾರ್ಸಿಲೋನಾದ ಬೆಳ್ಳಿ

1992ರ ಆರಂಭದಲ್ಲಿ ಸೂ ಹ್ಯುನ್ ಆಲ್ ಇಂಗ್ಲೆಂಡ್ ಫೈನಲ್ ತಲುಪಿ ಚೀನಾದ ಟಾಂಗ್ ಜಿಯುಹಾಂಗ್ ಎದುರು ಸೋತಿದ್ದರು. ಬಾರ್ಸಿಲೋನಾ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಎದುರಾದದ್ದೂ ಅದೇ ಟಾಂಗ್. ಈ ಸಲ ಸೂ ಹ್ಯುನ್ ಗೆದ್ದರು. ಅಂದರೆ ಸೋಲಿಸಿದವರನ್ನು ತಿರುಗಿ ಸೋಲಿಸುವ ಗುಣ ಅವರಲ್ಲಿ ಆಗಲೇ ಇತ್ತು.

ಫೈನಲ್ ನಡೆದದ್ದು ಆಗಸ್ಟ್ 4ರಂದು. ಎದುರಿಗಿದ್ದವರು ಇಂಡೊನೇಷ್ಯಾದ ಸೂಸಿ ಸುಸಾಂತಿ. ಆ ದಿನದವರೆಗೆ ಇಂಡೊನೇಷ್ಯಾ ಒಲಿಂಪಿಕ್ಸ್‌ನ ಯಾವ ಆಟದಲ್ಲೂ ಚಿನ್ನ ಗೆದ್ದಿರಲಿಲ್ಲ. ಬ್ಯಾಡ್ಮಿಂಟನ್ ಅಂದರೆ ಪ್ರಾಣ ಬಿಡುವ ಇಡೀ ದೇಶದ ಆಸೆ ಸೂಸಿಯ ಬೆನ್ನ ಮೇಲಿತ್ತು. ಮೊದಲ ಗೇಮ್ ಅನ್ನು ಸೂ ಹ್ಯುನ್ 11–5ರಿಂದ ಗೆದ್ದರು. ಇನ್ನೊಂದು ಗೇಮ್ ಗೆದ್ದಿದ್ದರೆ ಬ್ಯಾಡ್ಮಿಂಟನ್ ಇತಿಹಾಸದ ಮೊದಲ ಒಲಿಂಪಿಕ್ಸ್ ಮಹಿಳಾ ಸಿಂಗಲ್ಸ್ ಚಾಂಪಿಯನ್ ಅವರೇ ಆಗುತ್ತಿದ್ದರು. ಆದರೆ ಸೂಸಿ ಎರಡನೇ ಗೇಮ್ ಅನ್ನು 11–5ರಿಂದ, ಮೂರನೆಯದನ್ನು 11–3ರಿಂದ ಗೆದ್ದರು. ಚಿನ್ನ ಸೂಸಿಗೆ, ಬೆಳ್ಳಿ ಸೂ ಹ್ಯುನ್‌ಗೆ.

ಕಂಚು ಗೆದ್ದವರು ಕೊನೆಯ ಪಂದ್ಯ ಗೆದ್ದ ಖುಷಿಯಲ್ಲಿ ಪದಕ ಪಡೆಯುತ್ತಾರೆ, ಬೆಳ್ಳಿ ಗೆದ್ದವರು ಕೊನೆಯ ಪಂದ್ಯ ಸೋತ ದುಃಖದಲ್ಲಿ ಪಡೆಯುತ್ತಾರೆ ಎಂಬ ಮಾತಿದೆ. ಬಾರ್ಸಿಲೋನಾದಲ್ಲಿ ಮೂರನೇ ಸ್ಥಾನಕ್ಕೆ ಪಂದ್ಯವೇ ಇರಲಿಲ್ಲ, ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಕೊಟ್ಟರು. ಆದರೂ ಬೆಳ್ಳಿಯ ಕಷ್ಟ ಅದೇ. ಜಗತ್ತಿನಲ್ಲಿ ಎರಡನೆಯವರಾದರೂ ಕಣ್ಣ ಮುಂದೆ ನಿಲ್ಲುವುದು ಕೈತಪ್ಪಿದ ಒಂದೇ ಒಂದು ಗೇಮ್.

ಮೂರು ಫೈನಲ್, ಒಂದೇ ಕತೆ

ಕತೆ ಬಾರ್ಸಿಲೋನಾಕ್ಕೆ ಮುಗಿಯಲಿಲ್ಲ. 1993ರಲ್ಲಿ ಸೂ ಹ್ಯುನ್ ಮತ್ತೆ ಎರಡು ದೊಡ್ಡ ಫೈನಲ್‌ಗಳನ್ನು ತಲುಪಿದರು. ಎರಡರಲ್ಲೂ ಎದುರಿಗೆ ಅದೇ ಸೂಸಿ.

ಲಂಡನ್‌ನ ವೆಂಬ್ಲಿಯಲ್ಲಿ ನಡೆದ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಮೊದಲ ಗೇಮ್ ಸೂ ಹ್ಯುನ್‌ಗೆ 11–4. ಆಮೇಲಿನ ಎರಡು ಗೇಮ್ ಸೂಸಿಗೆ 11–4, 11–1. ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಮೊದಲ ಗೇಮ್ ಸೂ ಹ್ಯುನ್‌ಗೆ 11–7. ಎರಡನೆಯದರಲ್ಲಿ ಅವರು 9ರವರೆಗೆ ಬಂದರು, ಆದರೆ 11 ಮುಟ್ಟಿದ್ದು ಸೂಸಿ. ಮೂರನೇ ಗೇಮ್ ಮತ್ತೆ 11–3ರಿಂದ ಸೂಸಿಯ ಪಾಲಾಯಿತು.

ಈ ಮೂರು ಸ್ಕೋರುಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಮೂರರಲ್ಲೂ ಮೊದಲ ಗೇಮ್ ಸೂ ಹ್ಯುನ್ ಅವರದ್ದು, ಉಳಿದೆರಡು ಸೂಸಿಯದ್ದು. ಮೂರು ಪಂದ್ಯಗಳ ಮೂರನೇ ಗೇಮ್‌ಗಳನ್ನಷ್ಟೇ ಕೂಡಿಸಿದರೆ ಸೂಸಿಗೆ 33 ಪಾಯಿಂಟ್, ಸೂ ಹ್ಯುನ್‌ಗೆ ಬರೀ 7.

ಇದು ಏನು ಹೇಳುತ್ತದೆ ಎಂದು ತಿಳಿಯಲು ಆಗಿನ ನಿಯಮ ಗೊತ್ತಿರಬೇಕು. ಈಗ ನಾವು ಟಿ.ವಿ.ಯಲ್ಲಿ ನೋಡುವ ಆಟದಲ್ಲಿ ಯಾರು ರ‍್ಯಾಲಿ ಗೆದ್ದರೂ ಒಂದು ಪಾಯಿಂಟ್, 21 ಮುಟ್ಟಿದವರಿಗೆ ಗೇಮ್. ಈ ಪದ್ಧತಿ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ಮಹಿಳಾ ಸಿಂಗಲ್ಸ್ 11 ಪಾಯಿಂಟ್‌ಗಳ ಆಟ. ಸರ್ವ್ ಮಾಡಿದವರು ರ‍್ಯಾಲಿ ಗೆದ್ದರೆ ಮಾತ್ರ ಪಾಯಿಂಟ್. ಎದುರಿನವರು ಗೆದ್ದರೆ ಅವರಿಗೆ ಸರ್ವ್ ಸಿಗುತ್ತಿತ್ತು ಅಷ್ಟೆ, ಪಾಯಿಂಟ್ ಸಿಗುತ್ತಿರಲಿಲ್ಲ. ಹೀಗಾಗಿ ಸರ್ವ್ ಅತ್ತಿಂದಿತ್ತ ಇತ್ತಿಂದತ್ತ ಹೋಗುತ್ತಾ, ಹತ್ತು ನಿಮಿಷ ಓಡಾಡಿದರೂ ಬೋರ್ಡಿನ ಮೇಲಿನ ಅಂಕಿ ಅಲುಗಾಡದೆ ಇರಬಹುದಿತ್ತು. ಬೆವರು ಸುರಿಯುತ್ತಿದೆ, ಸ್ಕೋರು ಮಾತ್ರ ನಿಂತಲ್ಲೇ ನಿಂತಿದೆ. ಆ ನಿಯಮದಲ್ಲಿ ತಾಳ್ಮೆಯೇ ದೊಡ್ಡ ಆಯುಧ.

ಸೂಸಿ ಸುಸಾಂತಿ ಆ ಆಯುಧದ ಒಡತಿ. ಶಟಲ್ ಅನ್ನು ಎತ್ತರಕ್ಕೆ, ಕೋರ್ಟಿನ ಕೊನೆಯ ಗೆರೆಯವರೆಗೆ ಮತ್ತೆ ಮತ್ತೆ ಕಳಿಸುವುದು, ಎದುರಿನವರು ಬಲವಾಗಿ ಹೊಡೆದದ್ದನ್ನೆಲ್ಲ ಎತ್ತಿ ಹಿಂದಿರುಗಿಸುವುದು, ನೆಟ್ ಬಳಿ ಬಿದ್ದರೆ ಎರಡೂ ಕಾಲು ಚಾಚಿ ನೆಲಕ್ಕೆ ಕುಳಿತೇ ತಲುಪುವುದು ಅವರ ಆಟ. ಬೇಗ ಮುಗಿಸಲು ಹೊರಟವರು ಅವರೆದುರು ಮೊದಲ ಗೇಮ್ ಗೆಲ್ಲಬಹುದಿತ್ತು. ಆದರೆ ಆಟ ಉದ್ದವಾದಷ್ಟೂ ಸೂಸಿಯ ಕೈ ಮೇಲಾಗುತ್ತಿತ್ತು. 1993ರಲ್ಲಿ ಒಲಿಂಪಿಕ್ಸ್, ಆಲ್ ಇಂಗ್ಲೆಂಡ್, ವಿಶ್ವ ಚಾಂಪಿಯನ್‌ಷಿಪ್ ಮೂರೂ ಕಿರೀಟಗಳು ಒಟ್ಟಿಗೆ ಅವರ ತಲೆಯ ಮೇಲಿದ್ದವು. ಮೂರೂ ಫೈನಲ್‌ಗಳಲ್ಲಿ ಪಕ್ಕದಲ್ಲಿ ಎರಡನೆಯವರಾಗಿ ನಿಂತಿದ್ದವರು ಸೂ ಹ್ಯುನ್.

ಎರಡನೇ ಸ್ಥಾನ ಹೇಳುವ ಮಾತು

ಇಲ್ಲಿ ನನ್ನ ಮಾತು ಸ್ವಲ್ಪ ಬರುತ್ತದೆ. ನಾನು ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವಳು. ಬೆಳಿಗ್ಗೆ ವಾಚನಾಲಯ ತೆಗೆಯುವ ಮೊದಲೇ ಬಾಗಿಲ ಮುಂದೆ ಸಾಲು ನಿಲ್ಲುವ ಗುಂಪಿನಲ್ಲಿ ನಾನೂ ಒಬ್ಬಳು. ಆ ಸಾಲಿನಲ್ಲಿ ಪ್ರತಿ ಫಲಿತಾಂಶದ ಮರುದಿನ ಕೇಳುವ ಮಾತುಗಳು ಎಲ್ಲರಿಗೂ ಗೊತ್ತಿರುವಂಥವೇ. 'ಒಂದು ಅಂಕದಲ್ಲಿ ಹೋಯ್ತು ಕಣೇ', 'ಸಂದರ್ಶನದವರೆಗೂ ಹೋಗಿದ್ದೆ', 'ಹೆಚ್ಚುವರಿ ಪಟ್ಟಿಯಲ್ಲಿ ನಾಲ್ಕನೆಯವನು ನಾನು, ಮೂರು ಜನಕ್ಕೆ ನಿಂತುಬಿಡ್ತು'. ಊರಿಗೆ ಹೋದರೆ ಕೇಳುವ ಪ್ರಶ್ನೆ ಒಂದೇ: 'ಆಯ್ತಾ?' ಆಗಿಲ್ಲ ಎಂದರೆ, ಮೊದಲ ಸುತ್ತಿನಲ್ಲೇ ಬಿದ್ದವರಿಗೂ ಕೊನೆಯ ಸುತ್ತಿನಲ್ಲಿ ಬಿದ್ದವರಿಗೂ ಸಿಗುವ ಮುಖ ಒಂದೇ.

ಹೊರಗಿನವರಿಗೆ ಎರಡೂ ಒಂದೇ ಅನ್ನಿಸಲಿ. ನಮಗೆ ನಾವೇ ಹಾಗೆ ಅಂದುಕೊಂಡರೆ ಅದು ನಷ್ಟ. ಸೂ ಹ್ಯುನ್ ಅವರ ಮೂರು ಸ್ಕೋರುಗಳು 'ನೀನು ಸಾಲದು' ಎಂದು ಹೇಳುವುದಿಲ್ಲ. ಜಗತ್ತಿನ ಅತ್ಯುತ್ತಮ ಆಟಗಾರ್ತಿಯಿಂದ ಮೊದಲ ಗೇಮ್ ಕಸಿದುಕೊಳ್ಳುವಷ್ಟು ಆಟ ನಿನ್ನಲ್ಲಿದೆ ಎಂದು ಮೂರು ಸಲ ಹೇಳುತ್ತವೆ. ಅದರ ಜೊತೆಗೇ, ಕೊರತೆ ಇರುವುದು ಇಂಥ ಕಡೆ ಎಂದು ಬೆರಳಿಟ್ಟು ತೋರಿಸುತ್ತವೆ. ಮೊದಲ ಸುತ್ತಿನಲ್ಲಿ ಸೋತವರಿಗೆ ಇಷ್ಟು ನಿಖರವಾದ ಮಾಹಿತಿ ಸಿಗುವುದೇ ಇಲ್ಲ.

ನಮ್ಮ ವಾಚನಾಲಯದಲ್ಲಿ ಓದುವ ಗೆಳತಿಯೊಬ್ಬಳು ತನ್ನ ಅಣಕು ಪರೀಕ್ಷೆಗಳ ಉತ್ತರಪತ್ರಿಕೆಗಳನ್ನು ಹೀಗೆಯೇ ಒಂದರ ಕೆಳಗೊಂದು ಇಟ್ಟು ನೋಡುತ್ತಾಳೆ. ಒಟ್ಟು ಅಂಕ ಎಷ್ಟು ಎನ್ನುವುದಕ್ಕಿಂತ, ನೂರು ಪ್ರಶ್ನೆಗಳಲ್ಲಿ ಯಾವ ಭಾಗದಲ್ಲಿ ಅಂಕ ಸೋರಿತು ಎಂದು ಗುರುತು ಹಾಕುತ್ತಾಳೆ. ಅವಳಿಗೆ ಗೊತ್ತಾದದ್ದು ಇದು: ಮೊದಲ ಎಂಬತ್ತು ಪ್ರಶ್ನೆಗಳಲ್ಲಿ ಆಯ್ಕೆಯಾದವರಿಗೆ ಸರಿಸಮ, ಕೊನೆಯ ಇಪ್ಪತ್ತರಲ್ಲಿ ಅರ್ಧವೂ ಇಲ್ಲ. ಅಲ್ಲಿಂದ ಅವಳು ಹೊಸ ಪುಸ್ತಕ ಕೊಳ್ಳುವುದನ್ನು ಬಿಟ್ಟು, ಎರಡು ಗಂಟೆ ಎದ್ದೇಳದೆ ಕುಳಿತು ಬರೆಯುವ ಅಭ್ಯಾಸ ಶುರು ಮಾಡಿದಳು. ಅವಳ ಮೂರನೇ ಗೇಮ್ ಅದು. ನಮ್ಮಲ್ಲಿ ಹೆಚ್ಚಿನವರು ಸೋತ ಮೇಲೆ ಮಾಡುವುದು ಮೊದಲಿನಿಂದ ಎಲ್ಲವನ್ನೂ ಮತ್ತೆ ಓದುವುದು. ಅಂದರೆ, ಈಗಾಗಲೇ ಗೆಲ್ಲುತ್ತಿರುವ ಮೊದಲ ಗೇಮ್ ಅನ್ನೇ ಇನ್ನಷ್ಟು ಚೆನ್ನಾಗಿ ಗೆಲ್ಲಲು ಹೊರಡುವುದು.

ಅಟ್ಲಾಂಟಾದ ದಾರಿ

1994ರಲ್ಲಿ ಜಪಾನಿನ ಹಿರೋಷಿಮಾದಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಸೂ ಹ್ಯುನ್ ಅಲ್ಲಿ ಮಹಿಳಾ ಸಿಂಗಲ್ಸ್ ಚಿನ್ನ ಗೆದ್ದರು. ಮಹಿಳೆಯರ ತಂಡ ವಿಭಾಗದ ಚಿನ್ನವೂ ಕೊರಿಯಾಕ್ಕೇ ಬಂತು. ಕಷ್ಟ ಕಳೆಯಿತು ಅನ್ನುವಷ್ಟರಲ್ಲಿ 1995ರ ವಿಶ್ವ ಚಾಂಪಿಯನ್‌ಷಿಪ್ ಬಂತು. ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ನಡೆದ ಆ ಕೂಟದ ಫೈನಲ್‌ನಲ್ಲಿ ಆಡಿದ ಇಬ್ಬರೂ ಚೀನಾದವರು. ಗೆದ್ದವರು ಯೆ ಝಾವೋಯಿಂಗ್. ಎರಡು ವರ್ಷದ ಹಿಂದೆ ಅದೇ ಕೂಟದ ಬೆಳ್ಳಿ ಗೆದ್ದಿದ್ದ ಸೂ ಹ್ಯುನ್ ಈ ಸಲ ಫೈನಲ್‌ನಲ್ಲೇ ಇರಲಿಲ್ಲ. ಏರುವ ದಾರಿ ನೇರ ಇರುವುದಿಲ್ಲ ಎನ್ನುವುದಕ್ಕೆ ಈ ವರ್ಷವೇ ಸಾಕ್ಷಿ.

1996 ಬಂತು. ವರ್ಷದ ಆರಂಭದ ಆಲ್ ಇಂಗ್ಲೆಂಡ್‌ನಲ್ಲಿ ಸೂ ಹ್ಯುನ್ ಫೈನಲ್ ತಲುಪಿದರು. ಎದುರಾದವರು ವಿಶ್ವ ಚಾಂಪಿಯನ್ ಯೆ ಝಾವೋಯಿಂಗ್. ಸೂ ಹ್ಯುನ್ ಗೆದ್ದರು. ಹಿಂದೆ ಎರಡು ಸಲ ಫೈನಲ್‌ನಲ್ಲಿ ಕೈತಪ್ಪಿದ್ದ ಪ್ರಶಸ್ತಿ ಮೂರನೇ ಪ್ರಯತ್ನಕ್ಕೆ ಸಿಕ್ಕಿತು.

ಆ ಬೇಸಿಗೆಯಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಸೆಮಿಫೈನಲ್‌ನಲ್ಲಿ ಕಾದಿದ್ದವರು ಮತ್ತಾರೂ ಅಲ್ಲ, ಹಾಲಿ ಚಾಂಪಿಯನ್ ಸೂಸಿ ಸುಸಾಂತಿ. ಬಾರ್ಸಿಲೋನಾ ಆಗಿ ನಾಲ್ಕು ವರ್ಷ. ಅದೇ ಇಬ್ಬರು, ಅದೇ ಒಲಿಂಪಿಕ್ಸ್. ಮೊದಲ ಗೇಮ್ ಸೂ ಹ್ಯುನ್‌ಗೆ 11–9. ಹಳೆಯ ಕತೆ ಗೊತ್ತಿದ್ದವರು ಇನ್ನು ಸೂಸಿಯ ಸರದಿ ಎಂದುಕೊಂಡಿರಬೇಕು. ಎರಡನೇ ಗೇಮ್ 11–8. ಅದೂ ಸೂ ಹ್ಯುನ್‌ಗೆ. ಮೂರನೇ ಗೇಮ್ ಎಂಬುದೇ ಬರಲಿಲ್ಲ.

ಈ ಸ್ಕೋರಿನಲ್ಲಿ ಒಂದು ವಿಷಯ ಗಮನಿಸಬೇಕು. ಹಿಂದಿನ ಫೈನಲ್‌ಗಳಲ್ಲಿ ಸೂ ಹ್ಯುನ್ ಮೊದಲ ಗೇಮ್ ಅನ್ನು 11–5, 11–4, 11–7ರಂತೆ ಆರಾಮವಾಗಿ ಗೆದ್ದಿದ್ದರು. ಅಟ್ಲಾಂಟಾದಲ್ಲಿ 11–9, 11–8. ಅಂದರೆ ಎರಡೂ ಗೇಮ್‌ಗಳು ಕೊನೆಯವರೆಗೆ ಎಳೆದಾಡಿದವು. ಬಿರುಸಾಗಿ ಮುನ್ನುಗ್ಗಿ ಗೆದ್ದ ಗೇಮ್‌ಗಳಲ್ಲ ಇವು. ಹಿಂದೆ ಎಲ್ಲಿ ಸೋಲುತ್ತಿದ್ದರೋ ಅಂಥ ಬಿಗಿಯಾದ, ಉದ್ದನೆಯ ಆಟದಲ್ಲೇ ಈಗ ಗೆದ್ದರು. ಸೂಸಿಯ ಅಂಗಳಕ್ಕೇ ಹೋಗಿ ಸೂಸಿಯನ್ನು ಸೋಲಿಸಿದಂತೆ.

ಫೈನಲ್‌ನಲ್ಲಿ ಎದುರಾಳಿ ಇನ್ನೊಬ್ಬ ಇಂಡೊನೇಷ್ಯಾದವರು, 16 ವರ್ಷದ ಮಿಯಾ ಆಡಿನಾ. ಎರಡು ವರ್ಷ ಹಿಂದೆ, 14ನೇ ವಯಸ್ಸಿಗೇ ಊಬರ್ ಕಪ್ ಫೈನಲ್‌ನ ನಿರ್ಣಾಯಕ ಪಂದ್ಯ ಗೆದ್ದು ದೇಶಕ್ಕೆ ಕಪ್ ತಂದುಕೊಟ್ಟಿದ್ದ ಹುಡುಗಿ. ಈ ಸಲ ಅನುಭವಿ ಸೂ ಹ್ಯುನ್, ಹೊಸಬರು ಮಿಯಾ. ಸ್ಕೋರು 11–6, 11–7. ಕೊರಿಯಾಕ್ಕೆ ಒಲಿಂಪಿಕ್ಸ್ ಸಿಂಗಲ್ಸ್‌ನ ಮೊದಲ ಚಿನ್ನ. ಸೂ ಹ್ಯುನ್‌ಗೆ ಆಗ 23 ವರ್ಷ.

ಎಲ್ಲ ಬೆಳ್ಳಿಯೂ ಚಿನ್ನವಾಗುವುದಿಲ್ಲ

ಇಲ್ಲಿಗೆ ನಿಲ್ಲಿಸಿದರೆ ಇದು ಗೋಡೆಗೆ ಅಂಟಿಸುವ ಸ್ಫೂರ್ತಿಯ ಮಾತಿನಂತೆ ಆದೀತು. 'ಪ್ರಯತ್ನ ಬಿಡಬೇಡ, ಗೆಲುವು ನಿನ್ನದೇ' ಎಂದು ಹೇಳುವುದು ಸುಲಭ. ಆದರೆ ಅದೇ ಅಟ್ಲಾಂಟಾದ ಸೆಮಿಫೈನಲ್‌ನಲ್ಲಿದ್ದ ನಾಲ್ವರಲ್ಲಿ ಉಳಿದ ಮೂವರನ್ನೂ ನೋಡಬೇಕು.

ಸೆಮಿಫೈನಲ್ ಸೋತ ಸೂಸಿ ಮೂರನೇ ಸ್ಥಾನದ ಪಂದ್ಯ ಆಡಿ ಕಂಚು ಗೆದ್ದರು. ಚಿನ್ನ ಗೆದ್ದ ಕೊರಳಿಗೆ ನಾಲ್ಕು ವರ್ಷದ ನಂತರ ಕಂಚು. ಕಿರೀಟ ಹೋಯಿತು ಎಂದು ಅವರು ಆ ಪಂದ್ಯವನ್ನು ಬಿಟ್ಟುಕೊಡಲಿಲ್ಲ.

ಬೆಳ್ಳಿ ಗೆದ್ದ ಮಿಯಾ ಆಡಿನಾ ಮುಂದೆ ನೆದರ್ಲೆಂಡ್ಸ್‌ಗೆ ಹೋಗಿ ಆ ದೇಶದ ಪರ ಆಡಿದರು. ಎಂಟು ವರ್ಷದ ಬಳಿಕ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಫೈನಲ್ ತಲುಪಿದರು. ಎದುರಿಗೆ ಚೀನಾದ ಜಾಂಗ್ ನಿಂಗ್. ಹತ್ತು ವರ್ಷ ಹಿಂದೆ ಊಬರ್ ಕಪ್‌ನ ಆ ನಿರ್ಣಾಯಕ ಪಂದ್ಯದಲ್ಲಿ ಮಿಯಾ ಸೋಲಿಸಿದ್ದು ಇದೇ ಜಾಂಗ್ ನಿಂಗ್ ಅವರನ್ನು. ಅಥೆನ್ಸ್‌ನಲ್ಲಿ ಮಿಯಾ ಮೊದಲ ಗೇಮ್ ಗೆದ್ದು ಉಳಿದೆರಡನ್ನು ಸೋತರು. ಎರಡು ಒಲಿಂಪಿಕ್ಸ್, ಎರಡು ದೇಶ, ಎರಡೂ ಬೆಳ್ಳಿ. ಅವರ ಬೆಳ್ಳಿ ಚಿನ್ನವಾಗಲೇ ಇಲ್ಲ. ಹಾಗೆಂದು ಎರಡು ಸಲ ಒಲಿಂಪಿಕ್ಸ್ ಫೈನಲ್ ಆಡಿದವರನ್ನು ಯಾರಾದರೂ ಸೋತವರು ಎನ್ನಲಾದೀತೇ?

ನಾಲ್ಕನೆಯವರ ಕತೆ ನಮ್ಮ ದೇಶಕ್ಕೇ ಬಂದು ಸೇರುತ್ತದೆ. ಸೂಸಿ ಎದುರು ಕಂಚಿನ ಪಂದ್ಯ ಸೋತು ಬರಿಗೈಲಿ ಹೋದ ಆ ಆಟಗಾರ್ತಿಯೂ ಕೊರಿಯಾದವರೇ. ಹೆಸರು ಕಿಮ್ ಜಿ ಹ್ಯುನ್, ಬುಸಾನ್ ಊರಿನವರು. ಸೂ ಹ್ಯುನ್ ಚಿನ್ನ ಗೆದ್ದ ಅದೇ ಕೂಟದಲ್ಲಿ ಅವರದ್ದು ನಾಲ್ಕನೇ ಸ್ಥಾನ. ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಿಗೆ ಪದಕವೂ ಇಲ್ಲ, ಮೆಟ್ಟಿಲೂ ಇಲ್ಲ. ಆಟ ನಿಲ್ಲಿಸಿದ ಮೇಲೆ ಅವರು ತರಬೇತುದಾರರಾದರು.

2019ರಲ್ಲಿ ಭಾರತದ ಮಹಿಳಾ ಸಿಂಗಲ್ಸ್ ಆಟಗಾರ್ತಿಯರಿಗೆ ತರಬೇತಿ ನೀಡಲು ಬಂದವರು ಇದೇ ಕಿಮ್ ಜಿ ಹ್ಯುನ್. ಆಗ ಸಿಂಧು ಅವರ ಸ್ಥಿತಿ ಹೇಗಿತ್ತು ನೆನಪಿಸಿಕೊಳ್ಳಿ. 2016ರ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ಪೇನಿನ ಕರೊಲಿನಾ ಮರಿನ್ ಎದುರು ಮೊದಲ ಗೇಮ್ 21–19ರಿಂದ ಗೆದ್ದು, ಉಳಿದೆರಡನ್ನು ಸೋತಿದ್ದರು. ಬಾರ್ಸಿಲೋನಾದ ಸೂ ಹ್ಯುನ್ ಅವರಂತೆಯೇ. 2017ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಜಪಾನಿನ ನೊಜೊಮಿ ಒಕುಹಾರಾ ಎದುರು 110 ನಿಮಿಷ ಆಡಿ, ಮೂರನೇ ಗೇಮ್ 20–22ರಿಂದ ಕಳೆದುಕೊಂಡಿದ್ದರು. 2018ರಲ್ಲಿ ಮತ್ತೆ ವಿಶ್ವ ಚಾಂಪಿಯನ್‌ಷಿಪ್ ಫೈನಲ್, ಮತ್ತೆ ಮರಿನ್, ಮತ್ತೆ ಬೆಳ್ಳಿ. 'ಫೈನಲ್ ಎಂದರೆ ಸಿಂಧು ಸೋಲುತ್ತಾರೆ' ಎಂದು ಜನ ಆಡಿಕೊಳ್ಳತೊಡಗಿದ್ದರು.

2019ರ ಆಗಸ್ಟ್ 25ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸಿಂಧು ಅದೇ ಒಕುಹಾರಾ ಅವರನ್ನು 21–7, 21–7ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಭಾರತದವರೊಬ್ಬರು ಬ್ಯಾಡ್ಮಿಂಟನ್‌ನಲ್ಲಿ ಆ ಪಟ್ಟ ಗೆದ್ದದ್ದು ಅದೇ ಮೊದಲು. ಗೆಲುವಿನ ಬಳಿಕ ಸಿಂಧು ತಮ್ಮ ಕೊರಿಯಾದ ಕೋಚ್ ಕಿಮ್ ಅವರ ಪಾತ್ರವನ್ನು ನೆನೆದರು. ಕೆಲವೇ ವಾರಗಳಲ್ಲಿ ಕೌಟುಂಬಿಕ ಕಾರಣದಿಂದ ಕಿಮ್ ಭಾರತ ಬಿಟ್ಟು ಹೋದರು. ಅಟ್ಲಾಂಟಾದಲ್ಲಿ ಪದಕ ಸಿಗದ ನಾಲ್ಕನೆಯವರು, 23 ವರ್ಷದ ಬಳಿಕ ಬೇರೊಂದು ದೇಶದ ಹುಡುಗಿಗೆ ಎರಡನೇ ಸ್ಥಾನದಿಂದ ಮೊದಲನೆಯದಕ್ಕೆ ದಾಟಲು ಕೈ ಹಿಡಿದರು. ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸಿಂಧು ಕಂಚು ಗೆದ್ದಾಗಲೂ ಜೊತೆಗಿದ್ದ ಕೋಚ್ ಕೊರಿಯಾದವರೇ, ಪಾರ್ಕ್ ಟೇ ಸಾಂಗ್.

ಹಾಗಾಗಿ ನನಗೆ ಅನ್ನಿಸುವುದು ಇಷ್ಟು. ಕಲಿತದ್ದು ಹೋಗುವುದಿಲ್ಲ. ನಾವು ಕಾದಿದ್ದ ರೂಪದಲ್ಲೇ ಅದು ಫಲ ಕೊಡುತ್ತದೆ ಎಂಬ ಖಾತರಿ ಮಾತ್ರ ಇಲ್ಲ. ಪರೀಕ್ಷೆಗೆಂದು ವರ್ಷಗಟ್ಟಲೆ ಓದಿ ಆಯ್ಕೆಯಾಗದೆ, ಈಗ ಅದೇ ವಿಷಯವನ್ನು ನೂರಾರು ಮಂದಿಗೆ ಚೆನ್ನಾಗಿ ಪಾಠ ಮಾಡುತ್ತಿರುವವರು ನಮ್ಮೂರುಗಳಲ್ಲಿ ಎಷ್ಟಿಲ್ಲ? ಅವರ ವಿದ್ಯಾರ್ಥಿಗಳ ಹೆಸರು ಪಟ್ಟಿಯಲ್ಲಿ ಬಂದಾಗ ಅವರು ಹಂಚುವ ಸಿಹಿಯಲ್ಲಿ ಅವರ ಹಳೆಯ ಓದಿನ ಪಾಲೂ ಇರುತ್ತದೆ.

ಮತ್ತೆ ಆ 28

ಅಟ್ಲಾಂಟಾದ ನಂತರ ಸೂ ಹ್ಯುನ್ ಹೆಚ್ಚು ಕಾಲ ಆಡಲಿಲ್ಲ. ಗೆಲ್ಲಬೇಕಾದ್ದನ್ನು ಗೆದ್ದು ಬ್ಯಾಟು ಕೆಳಗಿಟ್ಟರು. ವಿಶ್ವ ಚಾಂಪಿಯನ್‌ಷಿಪ್ ಸಿಗದಿದ್ದರೂ ಒಲಿಂಪಿಕ್ಸ್, ಆಲ್ ಇಂಗ್ಲೆಂಡ್, ಏಷ್ಯನ್ ಗೇಮ್ಸ್ ಮೂರೂ ಪ್ರಶಸ್ತಿಗಳು ಅವರಿಗೆ ಸಿಕ್ಕಿದ್ದವು. ಮುಂದೆ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ಅವರ ಹೆಸರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಕೊರಿಯಾದ ಟಿ.ವಿ. ವಾಹಿನಿ ಎಂಬಿಸಿಗೆ ಅವರು ವೀಕ್ಷಕ ವಿವರಣೆಗಾರ್ತಿಯಾದರು.

ಆನ್ ಸೆ ಯಂಗ್ ಬೆಳೆದ ರೀತಿಯನ್ನು ನೋಡಿದರೆ ಅಲ್ಲೂ ಅದೇ ದಾರಿ ಕಾಣುತ್ತದೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 16 ವರ್ಷದ ಆನ್ ತಮ್ಮ ಮೊದಲ ಪಂದ್ಯದಲ್ಲೇ ಚೀನಾದ ಚೆನ್ ಯುಫೆ ಎದುರು ಸೋತರು. ಟೋಕಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಮತ್ತೆ ಅದೇ ಚೆನ್ ಎದುರು ಸೋಲು. 2023ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಎದುರಾದವರು ಚೆನ್. ಈಗ ಆನ್ ಗೆದ್ದರು. ಆ ಪ್ರಶಸ್ತಿ ಕೊರಿಯಾದ ಮಹಿಳಾ ಸಿಂಗಲ್ಸ್‌ಗೆ ಬಂದು 27 ವರ್ಷವಾಗಿತ್ತು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲೂ ಚೆನ್. ಮೊಣಕಾಲಿನ ನೋವು ತಡೆದುಕೊಂಡು ಆಡಿದ ಆನ್ ಮೂರನೇ ಗೇಮ್ ಅನ್ನು 21–8ರಿಂದ ಗೆದ್ದರು. ಹಿರೋಷಿಮಾದ ನಂತರ ಕೊರಿಯಾಕ್ಕೆ 29 ವರ್ಷಕ್ಕೆ ಸಿಕ್ಕ ಚಿನ್ನ ಅದು. ಅದೇ ವರ್ಷ ಕೋಪನ್‌ಹೇಗನ್‌ನಲ್ಲಿ ವಿಶ್ವ ಚಾಂಪಿಯನ್ ಕೂಡ ಆದರು. ಸೂ ಹ್ಯುನ್‌ಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಎರಡು ಪಾಯಿಂಟ್ ದೂರದಲ್ಲಿ ತಪ್ಪಿದ್ದ ಪಟ್ಟ ಅದು.

ಪ್ಯಾರಿಸ್ ಫೈನಲ್ ನಡೆದಾಗ ಎಂಬಿಸಿಯಲ್ಲಿ ವಿವರಣೆ ನೀಡುತ್ತಿದ್ದವರು ಬಾಂಗ್ ಸೂ ಹ್ಯುನ್. ತಮ್ಮ ನಂತರ 28 ವರ್ಷ ಖಾಲಿ ಬಿದ್ದಿದ್ದ ಜಾಗಕ್ಕೆ ಇನ್ನೊಬ್ಬಳು ಹುಡುಗಿ ಬಂದು ನಿಂತದ್ದನ್ನು ಅವರು ತಮ್ಮ ದೇಶದ ಜನಕ್ಕೆ ತಮ್ಮದೇ ದನಿಯಲ್ಲಿ ಹೇಳಿದರು.

ಮುಂದಿನ ಸಲ ಪಟ್ಟಿ ಪ್ರಕಟವಾಗಿ, ಹೆಸರು ಒಂದೆರಡು ಸಾಲು ಕೆಳಗೆ ಉಳಿದರೆ, ಒಂದು ದಿನ ಅಳೋಣ. ಅಳಲೇಬೇಕು. ಮರುದಿನ ಒಂದು ಹಾಳೆ ತೆಗೆದುಕೊಂಡು ನಮ್ಮ ಸ್ಕೋರುಗಳನ್ನು ಒಂದರ ಕೆಳಗೊಂದು ಬರೆಯೋಣ. ಮೊದಲ ಗೇಮ್ ಎಲ್ಲಿ ಗೆದ್ದಿದ್ದೇವೆ, ಮೂರನೆಯದು ಎಲ್ಲಿ ಕೈಬಿಟ್ಟಿತು ಎಂದು ಆ ಹಾಳೆ ಹೇಳುತ್ತದೆ. ಅಭ್ಯಾಸ ಶುರುವಾಗಬೇಕಾದ್ದು ಅಲ್ಲಿಂದ.